ಚಿನ್ನಿಯ 14 ಮಂದಿ ಹಿರೀಕರು

ನಮ್ಮೂರಾಗ ನಾಯಿ ಹಿಡ್ಕೊಂಡು ರಸ್ತೆಕ್ಕ ಹೊಂಟ್ರ ಮಂದಿ ಎರಡೇ ಮಾತು ಕೇಳ್ತಾರ. ಕಚ್ಚತದೇನ್ರಿ? ಎಷ್ಟಕ್ಕ ತಂದ್ರಿ? ಮುಂಜಾನಿ ಐದಕ್ಕ ಅಪ್ಪನ ಕೆರಿ ದಂಡಿಗೆ ಚಿನ್ನಿನ ಕರ್ಕೊಂಡು ಹೋಗ್ಲತ್ತು ನಾಲ್ಕು ವರ್ಷ ಆಗ್ಲಿಕ್ಕೆ ಬಂತು, ಕಲಬುರಗಿ ಬಿಸಲಿಗೆ ಹೊತ್ತೇರಿದ ಮ್ಯಾಲ ಹೋದ್ರ ಅದರ ಕಾಲು ಸುಡ್ತಾವ, ಅದಕ್ಕ ಅಷ್ಟು ಲಗೂನ ಹೋಗೋದು. ಇಷ್ಟು ದಿನದಾಗ ಇಕಿ ಅಪ್ಪ ಯಾರು ಅವ್ವ ಯಾರು ಅಂತ ಒಬ್ಬರೂ ಕೇಳಿಲ್ಲ. ನನಗ ಹೇಳ್ಬೇಕಂತ ಇರೋದು ಅದೊಂದೇ. ಅದಕ್ಕ ಇವತ್ತ ಇಲ್ಲಿ ಬರೀಲತ್ತೀನಿ.

ಚಿನ್ನಿ ವೈರ್ ಫಾಕ್ಸ್ ಟೆರಿಯರ್. ಬಿಳಿ ಮೈ, ಬೆನ್ನ ಮ್ಯಾಲ ಕರಿ ಮಚ್ಚಿ, ತಲಿ ಕಂದು, ಉದ್ದನ ಮುಖದ ತುದೀಗೆ ಗಡ್ಡ. ತೂಕ ಏಳು ಕೇಜಿ ಚಿಲ್ಲರ. ಈ ಜಾತಿ ಗಂಡು ನಾಯಿ ಹೆಗಲತನಕ ಹದಿನೈದೂವರೆ ಇಂಚು ದಾಟಬಾರದು, ತೂಕ ಸುಮಾರು ಎಂಟೂಕಾಲು ಕೇಜಿ ಇರಬೇಕು, ಹೆಣ್ಣು ಅದಕ್ಕಿಂತ ಒಂಚೂರು ಸಣ್ಣದು. ಟೆರಾ ಅಂದ್ರ ಲ್ಯಾಟಿನ್‌ನಾಗ ಭೂಮಿ, ಟೆರಿಯರ್ ಅಂದ್ರ ನೆಲದಾಗ ಹೊಕ್ಕು ಕೆಲಸಾ ಮಾಡೋ ನಾಯಿ. ಇಂಗ್ಲೆಂಡಿನಾಗ ಬ್ಯಾಟಿಗೆ ಹೋದಾಗ ದೊಡ್ಡ ನಾಯಿ ಹಿಂಡು ನರಿನ ಓಡಿಸ್ತಿದ್ವು, ನರಿ ಬಿಲ ಹೊಕ್ಕಿತಂದ್ರ ಅದನ್ನ ಹೊರಗ ಹಾಕ್ಲಿಕ್ಕೆ ಈ ಸಣ್ಣ ನಾಯಿ ಬೇಕಾಗ್ತಿತ್ತು. ಮೈ ಬಿಳಿ ಇರ್ಲಿ ಅಂತ ನೋಡ್ಕೊಂಡು ಬೆಳಸಿದ್ದೂ ಅದಕ್ಕೇ, ಬಿಲದಿಂದ ಹೊರಗ ಬಂದದ್ದು ನರಿಯೋ ನಮ್ಮ ನಾಯಿಯೋ ಅಂತ ದೂರದಿಂದ ಗೊತ್ತಾಗ್ಬೇಕಲ್ಲ.

ಚಿನ್ನಿ ನಮ್ಮ ಮನಿಗೆ ಬಂದದ್ದು 2018ರ ಚಳಿಗಾಲದಾಗ, ನಾಲ್ಕು ತಿಂಗಳ ಮರಿ. ಅದೇ ವಾರ ನಮ್ಮ ಹಳ್ಳಿ ಮನಿಗೆ ಹೆಳವ ಬಂದಿದ್ದ. ಈ ಕಡಿ ಇಲ್ಲದವ್ರಿಗೆ ಹೇಳ್ತೀನಿ, ಹೆಳವರು ಅಂದ್ರ ಮನೆತನದ ವಂಶಾವಳಿ ಇಟ್ಕೊಂಡವ್ರು, ಎತ್ತಿನ ಮ್ಯಾಲ ಕೂತು ನಸುಕಿನಾಗ ಗಂಟಿ ಬಾರಿಸ್ಕೋತ ಓಣಿಗೆ ಬರ್ತಾರ, ನಿಮ್ಮ ಮುತ್ತಜ್ಜನ ಮುತ್ತಜ್ಜ ಯಾವ ಊರಿಂದ ಬಂದ, ಎಷ್ಟು ಮಂದಿ ಮಕ್ಕಳು, ಯಾರು ಹೊಲ ಹಿಡದ ಯಾರು ಊರು ಬಿಟ್ಟ, ಎಲ್ಲಾ ವಹಿ ನೋಡಿ ಹೇಳ್ತಾರ, ಮನ್ಯಾಗ ಹೊಸಾ ಮಕ್ಕಳು ಹುಟ್ಟಿದ್ರ ಬರ್ಕೋತಾರ, ಜ್ವಾಳ ಇಸ್ಕೊಂಡು ಹೋಗ್ತಾರ. ನಾನು ಸಣ್ಣಾಂವಿದ್ದಾಗಿಂದ ನೋಡೀನಿ, ಅಂವ ಓದೋ ಮುಂದ ನಮ್ಮಪ್ಪ ಟೊಪಿಗಿ ತಗದು ಕೈಯಾಗ ಹಿಡ್ಕೋತಿದ್ದ. ಆ ಸಲ ನನ್ನ ಮಗಳು ಬಾಜೂ ಕೂತು ಕೇಳಿ ಕೇಳಿ ಕಡೀಕ, ಇದರಾಗ ನಂದು ಎಲ್ಲದ ಅಂದ್ಳು. ಹೆಳವ ನಕ್ಕ. ಹುಡುಗಿ ಹೆಸರು ಗಂಡನ ಮನಿಗೆ ಹೋಗ್ತದವ್ವ ಅಂದ. ಅವ್ವ ಏನೂ ಅನ್ಲಿಲ್ಲ, ಮೊರದಾಗ ಜ್ವಾಳ ತಂದು ಸುರುವಿದ್ಳು.

ಎರಡು ತಿಂಗಳ ಮ್ಯಾಲ ಜಾತಿ ನಾಯಿಗಳ ದಾಖಲೆ ಇಡೋ ಕೆನೆಲ್ ಕ್ಲಬ್ ಆಫ್ ಇಂಡಿಯಾದಿಂದ ಚಿನ್ನಿ ವಂಶಾವಳಿ ಪೇಪರ್ ಬಂತು. ನನ್ನ ಹೆಸರಿಗೆ ಟ್ರಾನ್ಸ್‌ಫರ್ ಆಗಿ, ಮೈಕ್ರೋಚಿಪ್ ನಂಬರ್ ಸಹಿತ. ಮೂರು ತಲಿಮಾರು ಬರದಿರ್ತಾರ ಅದರಾಗ, ಅಪ್ಪ ಅವ್ವ ಇಬ್ಬರು, ಅವರ ಅಪ್ಪ ಅವ್ವ ನಾಲ್ಕು, ಅವರವರು ಎಂಟು, ಒಟ್ಟು 14 ಖಾನೆ. ಅವ್ವನ ಮುಂದ ಇಟ್ಟು ಬಟ್ಟು ಹಚ್ಚಿ ಒಂದೊಂದೇ ಓದಿ ಹೇಳಿದೆ. ಅಕಿಗೆ ಆ ಇಂಗ್ಲಿಷ್ ಹೆಸರು ಒಂದೂ ತಿಳಿಲಿಲ್ಲ, ಆದ್ರ ಲೆಕ್ಕಾ ತಿಳೀತು. 'ಇದರಾಗ ಏಳು ಅವ್ವನವ್ರು ಅದಾರಲ್ಲೋ ಯಪ್ಪಾ' ಅಂದ್ಳು.

ಖರೇನ ಅದು. ಅಪ್ಪನ ಖಾನೆ ಎಷ್ಟು ಅವ್ವನ ಖಾನೆ ಅಷ್ಟೇ. ಅಪ್ಪ ಮ್ಯಾಲ, ಅವ್ವ ಕೆಳಗ, ಒಂದು ಬಿಟ್ಟು ಇನ್ನೊಂದು ಬರಿಯೋ ಹಂಗೇ ಇಲ್ಲ. ನಾಯಿ ಸಾಕೋ ನಾವು ಇಷ್ಟು ವರ್ಷ ಅದನ್ನ ನೋಡಿ ನೋಡಿ ಅದರಾಗ ವಿಶೇಷ ಅದ ಅಂತ ಅನಿಸಿದ್ದೇ ಇಲ್ಲ.

ಮರಿ ಕೊಟ್ಟವರು ಹೈದರಾಬಾದಿನ ಒಬ್ಬ ಹಿರೇರು, ನಾವು ಚಾಚಾ ಅಂತೀವಿ, ನಲವತ್ತು ವರ್ಷದಿಂದ ಟೆರಿಯರ್ ಸಾಕಿದವ್ರು. ಅವರು ತಮ್ಮ ಕೈಲೇ ಬರದ ಐದು ತಲಿ ಚಾರ್ಟ್ ಬ್ಯಾರೆ ಕೊಟ್ಟಿದ್ರು. ಚಾಂಪಿಯನ್ ಆದ ನಾಯಿ ಹೆಸರು ಕೆಂಪು ಮಸಿ, ಉಳಿದದ್ದು ಕರಿ ಮಸಿ, ಇದು ಬಾಳ ಕಡಿ ನಡಕೊಂಡು ಬಂದ ಪದ್ಧತಿ. ಚಿನ್ನಿ ಚಾರ್ಟಿನಾಗ ಅಪ್ಪನ ಕಡಿ ಕೆಂಪು ಬಾಳ, ಅವ್ವನ ಕಡಿ ಕಡಿಮಿ. ಚಾಚಾ ಅಂದ್ರು, ಕೆಂಪು ನೋಡಿ ಕಣ್ಣು ಮುಚ್ಚಬ್ಯಾಡ, ಒಂದೇ ಹೆಸರು ಎಷ್ಟು ಸಲ ಬಂದದ ಅದನ್ನ ನೋಡು.

ನಾನು ದಾಲ್ ಮಿಲ್ಲಿನಾಗ ಕಿರ್ದಿ ಬರಿಯಾಂವ, ಲೆಕ್ಕಾ ಅಂದ್ರ ನನಗ ಕೈಗೆ ಕುಂತಿದ್ದು. ನೋಡಿದ್ರ ಖಾನೆ 14, ನಾಯಿ 13. ಅಪ್ಪನ ಕಡಿ ಮುತ್ತಜ್ಜ, ಅವ್ವನ ಕಡಿ ಮುತ್ತಜ್ಜ ಇಬ್ಬರೂ ಒಬ್ಬನೇ. ಅಂದ್ರ ಒಳಸಂಬಂಧ. ಇದಕ್ಕ ಒಂದು ಲೆಕ್ಕಾ ಅದ, ಅಪ್ಪ ಅವ್ವ ಇಬ್ಬರ ಕಡಿಯಿಂದ ಒಂದೇ ಹಿರಿಯನ ಒಂದೇ ಜೀನ್ ಎರಡು ಪ್ರತಿ ಬಂದು ಕೂಡೋ ಸಾಧ್ಯತೆ ಎಷ್ಟು ಅಂತ. ಅಣ್ಣ ತಂಗಿ ಕೂಡಿಸಿದ ಮರಿಗೆ ಶೇಕಡಾ 25, ಅಪ್ಪ ಒಬ್ಬನೇ ಇದ್ದು ಅವ್ವ ಬ್ಯಾರೆ ಇದ್ದ ಜೋಡಿ ಮರಿಗೆ 12.5, ಚಿನ್ನಿಗೆ ಈ ಮುತ್ತಜ್ಜನ ಲೆಕ್ಕಕ್ಕ ಮೂರು ಚಿಲ್ಲರ. ನಮ್ಮ ಮಂದ್ಯಾಗ ಅಕ್ಕನ ಮಗಳನ್ನ ತಮ್ಮಗ ತರ್ತಾರಲ್ಲ, ಆ ಮಕ್ಕಳದೂ 12.5 ಅ. ಇದನ್ನ ಮನ್ಯಾಗ ಹೇಳಿದಾಗ ಒಂದಿಬ್ಬರಿಗೆ ಸಿಟ್ಟು ಬಂತು, ಆದ್ರ ಲೆಕ್ಕಾ ಲೆಕ್ಕಾನ.

ಈ ಬರದಿಡೋ ರೂಢಿ ಶುರುವಾದದ್ದೂ ಬಾಳ ಹಿಂದೇನಲ್ಲ. ಇಂಗ್ಲೆಂಡಿನಾಗ ಕೆನೆಲ್ ಕ್ಲಬ್ ಆದದ್ದು 1873ರಾಗ, ಮರು ವರ್ಷ ಮೊದಲನೇ ಸ್ಟಡ್ ಬುಕ್, ಅಂದ್ರ ನಾಯಿಗಳ ವಹಿ, ತಗದ್ರು, ಅದರಾಗ 1859ರಿಂದ ಶೋಗಳಿಗೆ ಬಂದ ನಾಯಿಗಳ ದಾಖಲೆ ಹಾಕಿದ್ರು. ಫಾಕ್ಸ್ ಟೆರಿಯರ್ ಕ್ಲಬ್ 1876ರಾಗ. ನಮ್ಮ ದೇಶದ ಕ್ಲಬ್ 1896ರಾಗ. ಅಮೆರಿಕಾದ ವೆಸ್ಟ್‌ಮಿನ್‌ಸ್ಟರ್ ಶೋನಾಗ ವೈರ್ ಫಾಕ್ಸ್ ಟೆರಿಯರ್ ಗೆದ್ದಷ್ಟು ಸಲ ಬ್ಯಾರೆ ಯಾವ ಜಾತಿನೂ ಬೆಸ್ಟ್ ಇನ್ ಶೋ, ಅಂದ್ರ ಎಲ್ಲಾ ನಾಯಿಗಳಾಗ ಮೊದಲನೇ ಬಹುಮಾನ, ಗೆದ್ದಿಲ್ಲ, 2019ರ ತನಕ 15 ಸಲ. ಇದೇ ಬಳಗದ ನುಣ್ಣನ ಕೂದಲಿನ ಹೆಣ್ಣು ನಾಯಿ ಒಂದು, ವಾರೆನ್ ರೆಮಿಡಿ ಅಂತ ಹೆಸರು, ಅಲ್ಲಿ 1907, 1908, 1909 ಮೂರೂ ವರ್ಷ ಗೆದ್ದದ. ಹೆಣ್ಣು ಅನ್ನೋದು ಅವ್ವಗ ಬಾಳ ಖುಷಿ ಆಯ್ತು, ಆ ಹೆಸರು ಎರಡು ಸಲ ಅಂದು ನೋಡಿದ್ಳು.

ಈಗ ಕೂದಲಿನ ಸುದ್ದಿ. ಈ ನಾಯಿ ಸಾಕೋದ್ರಾಗ ಅರ್ಧ ಕೆಲಸಾ ಇದೇ. ಈ ಜಾತಿ ನಾಯಿ ಹೆಂಗಿರಬೇಕಂತ ಹೇಳೋ ಅಮೆರಿಕಾದ ಸ್ಟ್ಯಾಂಡರ್ಡಿನಾಗ ಬರದಾರ, ಕೂದಲು ತೆಂಗಿನ ನಾರಿನ ಚಾಪಿ ಇದ್ದಂಗ ಗಟ್ಟಿ ಇರಬೇಕಂತ. ಬಾಗಲಾಗ ಕಾಲು ಒರಸೋ ಚಾಪಿ ಮುಟ್ಟಿ ನೋಡ್ರಿ, ಹಂಗ. ಕೆಳಗ ಮೆತ್ತನ ಒಂದು ಪದರು, ಮ್ಯಾಲ ಈ ಬಿರುಸು ಪದರು. ಹಳೀ ಕೂದಲು ಸತ್ತಿರ್ತದ ಖರೆ ಉದರಂಗಿಲ್ಲ, ಕೈಲೇ ಕೀಳಬೇಕು, ಸ್ಟ್ರಿಪ್ಪಿಂಗ್ ಅಂತಾರ ಇದಕ್ಕ. ಮಷಿನ್ ಹಚ್ಚಿ ಬೋಳಿಸಿದ್ರ ಕೂದಲು ಮೆತ್ತಗಾಗ್ತದ, ಬಣ್ಣ ಮಾಸ್ತದ, ಶೋಕ್ಕ ಕೆಲಸಕ್ಕ ಬರಂಗಿಲ್ಲ. ಊರಾಗ ಒಬ್ಬ ಗ್ರೂಮರ್‌ಗೆ ಕೇಳಿದ್ರ ಇಲ್ಲಿ ಅದೆಲ್ಲ ನಡಿಯಂಗಿಲ್ಲ ಟ್ರಿಮ್ಮರ್ ಹಚ್ತೀನಿ ಅಂದ, ನಾನು ಹೊಳ್ಳಿ ಬಂದೆ.

ನಾನೇ ಕೂತೆ. ಬಟ್ಟಿಗೆ ಖಡು ಪುಡಿ ಹಚ್ಕೊಂಡು, ಎಡಗೈಲೇ ಚರ್ಮ ಬಿಗಿ ಹಿಡದು, ನಾಲ್ಕೈದು ಕೂದಲು ಅಷ್ಟೇ ಹಿಡದು ಕೂದಲು ಬೆಳದ ದಿಕ್ಕಿಗೇ ಎಳೀಬೇಕು. ಹೆಚ್ಚಿಗಿ ಹಿಡದ್ರ ನೋಯ್ತದ, ಉಲ್ಟಾ ಎಳದ್ರ ಚರ್ಮ ಕೆಂಪಾಗ್ತದ. ಎರಡು ತಾಸು ಕೂತ್ರೂ ನನ್ನ ಕೈಲೇ ಅಂಗೈಯಷ್ಟು ಜಾಗಾ ಆಗ್ಲಿಲ್ಲ. ಬಾಗಲಾಗ ಕೂತು ತೊಗರಿಬ್ಯಾಳಿ ಹಸನ ಮಾಡ್ಲತ್ತಿದ್ದ ಅವ್ವ ಎದ್ದು ಬಂದ್ಳು, ಬಾಜೂ ಸರಿ ಅಂದ್ಳು. ಐವತ್ತು ವರ್ಷ ಬ್ಯಾಳಿಯಾಗಿಂದ ಹಳ್ಳು ಆರಿಸಿದ ಬಟ್ಟು ಅವು. ಸತ್ತ ಕೂದಲು ಯಾವುದು ಜೀವಂತ ಯಾವುದು ಅಂತ ಕಣ್ಣಿಗಿಂತ ಮೊದಲು ಅಕಿ ಬಟ್ಟಿಗೇ ತಿಳೀತಿತ್ತು. ಚಿನ್ನಿ ಅಕಿ ತೊಡಿ ಮ್ಯಾಲ ಗದ್ದ ಇಟ್ಟು ಮಲಗಿಬಿಡ್ತಿತ್ತು. ಶೋಕ್ಕ ಎರಡು ತಿಂಗಳು ಮೊದಲು ಬೆನ್ನು ತಗದ್ರ ಆ ದಿನಕ್ಕ ಹೊಸಾ ಕೂದಲು ಸರಿಯಾಗಿ ಬಂದಿರ್ತದ, ತಲಿ ಕುತ್ತಿಗಿ ಕಡೀಕ. ಈ ಲೆಕ್ಕಾ ಅವ್ವ ಅಮಾಸಿ ಹುಣ್ಣಿವಿ ಮ್ಯಾಲ ಇಡ್ತಾಳ, ಒಂದು ಸಲನೂ ತಪ್ಪಿಲ್ಲ.

ಮೊದಲನೇ ಶೋ ಹೈದರಾಬಾದಿನಾಗ. ಗಾಡಿ ಮಾಡ್ಕೊಂಡು ಹುಮನಾಬಾದ್ ಜಹೀರಾಬಾದ್ ಮ್ಯಾಲಾಸಿ ರಾತ್ರಿನೇ ಹೋದ್ವಿ. ರೈಲ್ವೆದಾಗ ನಾಯಿ ಒಯ್ಬೇಕಂದ್ರ ಫಸ್ಟ್ ಎಸಿ ಕೂಪೆ ಪೂರಾ ಬುಕ್ ಮಾಡ್ಬೇಕು, ಇಲ್ಲಂದ್ರ ಗಾರ್ಡ್ ಡಬ್ಬಿಯಾಗಿನ ಪೆಟಿಗಿಯಾಗ ಹಾಕ್ಬೇಕು, ಆ ಪೆಟಿಗಿಯಾಗ ಒಂದೇ ಹಾಕ್ಲಿಕ್ಕೆ ನನಗ ಮನಸ್ಸಾಗ್ಲಿಲ್ಲ. ನಾನು ತಿಂಗಳಗಟ್ಟಲೆ ಮನ್ಯಾಗ ನಡಿಗಿ ಕಲಿಸಿದ್ದೆ, ತಲಿ ಎತ್ತಿ, ಬಾಲ ನೆಟ್ಟಗ ಇಟ್ಟು, ಪಟ್ಟಾ ಸಡ್ಲ ಬಿಟ್ಟು, ಹೋಗಿ ಹೊಳ್ಳಿ ಬರೋದು, ತ್ರಿಕೋಣದಾಗ ಸುತ್ತೋದು. ಎಲ್ಲಾ ಕಲಿಸಿದ್ದು ನಮ್ಮ ಮನಿ ಶಾಬಾದಿ ಫರಸಿ ಮ್ಯಾಲ. ಅಲ್ಲಿ ನೋಡಿದ್ರ ರಿಂಗ್ ಪೂರಾ ಹುಲ್ಲು, ಮುಂಜಾನಿ ನೀರು ಹೊಡದು ಹಸಿ ಹಸಿ. ಚಿನ್ನಿ ಹುಟ್ಟಿದಾಗಿಂದ ಅಂಥಾ ಹುಲ್ಲು ಮುಟ್ಟಿದ್ದಿಲ್ಲ. ಒಂದು ಕಾಲು ಇಡ್ತು, ಎತ್ತಿತು, ಝಾಡಿಸ್ತು, ಮತ್ತೊಂದು ಇಡ್ತು. ಜಡ್ಜ್ ನಿಂತು ನೋಡ್ಲತ್ತಾರ, ಬಾಕಿ ಎಲ್ಲಾ ನಾಯಿ ಓಡ್ಲತ್ತಾವ, ನಮ್ಮದು ಬೆಕ್ಕಿನಂಗ ಕಾಲು ಎತ್ತಿ ಎತ್ತಿ ಇಡ್ಲತ್ತದ. ಕೆಳಗಿನ ನಂಬರಿಗೆ ಬಿದ್ವಿ. ಜಡ್ಜ್ ಮಾತ್ರ ಬಾಳ ಛಲೊ ಮನುಷ್ಯ, ಹಲ್ಲು ನೋಡಿ, ಹೆಗಲು ಮುಟ್ಟಿ, ಈ ನಾಯಿ ಕಟ್ಟು ಪಸಂದ ಅದ ಹುಲ್ಲಿನ ಮ್ಯಾಲ ನಡಸು ಅಂದ್ರು. ಮುಂದಿನ ಮೂರು ತಿಂಗಳು ದಿನಾ ಸಂಜಿ ಹುಲ್ಲು ಇರೋ ಜಾಗಾ ಹುಡುಕ್ಕೋತ ಊರೆಲ್ಲ ತಿರುಗೀನಿ, ಕಲಬುರಗ್ಯಾಗ ಹುಲ್ಲು ಹುಡುಕೋದು ಎಷ್ಟು ಕಷ್ಟ ಅಂತ ಇಲ್ಲಿನವ್ರಿಗೆ ಹೇಳೋದು ಬ್ಯಾಡ.

ಎರಡನೇ ಶೋಕ್ಕ ಹದಿನೈದು ದಿನ ಇದ್ದಾಗ ಮಿಲ್ಲಿನಾಗ ಇನ್ನೊಂದು ಆಯ್ತು. ಐತವಾರ ನಾನು ಲೆಕ್ಕಾ ಮುಗಸ್ಲಿಕ್ಕೆ ಹೋದಾಗ ಚಿನ್ನಿನ ಸಂಗಾಟ ಒಯ್ದಿದ್ದೆ. ತೊಗರಿ ಚೀಲದ ಥಪ್ಪಿ ಹಿಂದ ಅದಕ್ಕ ಏನೋ ವಾಸನಿ ಬಡೀತು. ಮೈಯಾಗಿನ ಕೂದಲು ಎಲ್ಲಾ ನಿಂತವು, ಬಾಲ ನಡಗ್ಲತ್ತಿತ್ತು, ಬಾಯಿಂದ ಒಂದು ಸಪ್ಪಳ ಇಲ್ಲ. ನಾನು ಎದ್ದು ಹೋಗೋದ್ರಾಗ ಗ್ವಾಡಿ ಬುಡದ ತೂತಿನಾಗ ಮುಕ್ಕಾಲು ಮೈ ಹೊಕ್ಕಿತ್ತು. ಒಳಗ ಗುದಮುರಗಿ. ಹೊರಗ ಬಂದಾಗ ಬಾಯಾಗ ಮೊಳದುದ್ದ ಹೆಗ್ಗಣ, ಚಿನ್ನಿ ಮೂಗಿನ ಮ್ಯಾಲ ಸೀಳಿ ರಕ್ತ ಸುರೀಲತ್ತಿತ್ತು. ಅದಕ್ಕ ಯಾರೂ ಕಲಿಸಿದ್ದಿಲ್ಲ. ಅವರವ್ವ ಫ್ಲಾಟಿನಾಗ ಬೆಳದದ್ದು, ಅಜ್ಜಿ ಬಂಗ್ಲೆದಾಗ. ಪೇಪರಿನಾಗಿನ ಹೆಸರು ಬರೇ ಹೆಸರಲ್ಲ ಅಂತ ನನಗ ಆವತ್ತ ಗೊತ್ತಾತು, ಎಷ್ಟೋ ತಲಿ ಹಿಂದ ಬಿಲದಾಗ ಹೊಕ್ಕವು ಇನ್ನೂ ಅದರ ಮೈಯಾಗ ಅದಾವ.

ಡಾಕ್ಟರ್ ಎರಡು ಹೊಲಿಗಿ ಹಾಕಿದ್ರು. ಕಲಿ ಉಳೀತು. ಶೋ ಹೋಯ್ತು ಅಂತ ನಾನು ತಲಿ ಮ್ಯಾಲ ಕೈ ಇಟ್ಕೊಂಡು ಕೂತಿದ್ದೆ, ಚಾಚಾ ಫೋನಿನಾಗ ಬೈದ್ರು. ಅಮೆರಿಕಾದ ಸ್ಟ್ಯಾಂಡರ್ಡಿನಾಗ ಕಡೀಕ ಒಂದು ಮಾತು ಬರದಾರ, ಕೆಲಸದಾಗ ಆದ ಹಳೀ ಗಾಯದ ಕಲಿ ಟೆರಿಯರ್‌ಗೆ ಶೋನಾಗ ಅಡ್ಡ ಬರಬಾರದು, ನಡಿಗೀಗೆ ಕೆಲಸಕ್ಕ ತೊಂದ್ರಿ ಇರಬಾರದು ಅಷ್ಟೇ, ಅಂತ. ಹೆಗ್ಗಣ ಹಿಡದ ಕಲಿ ಮುಚ್ಚಬ್ಯಾಡ, ಹಂಗೇ ಕರ್ಕೊಂಡು ಬಾ ಅಂದ್ರು.

ಹಂಗೇ ಹೋದೆ. ಈ ಸಲ ಹುಲ್ಲಿನ ಮ್ಯಾಲ ತಲಿ ಎತ್ತಿ ನಡೀತು. ಟೆರಿಯರ್‌ಗಳಿಗೆ ಒಂದು ಪರೀಕ್ಷಾ ಇರ್ತದ, ಎರಡು ನಾಯಿ ಎದರು ಬದರು ನಿಲ್ಲಸ್ತಾರ, ಜಗಳ ಆಗಬಾರದು, ಅಂಜಿ ಹಿಂದನೂ ಸರೀಬಾರದು, ಬಟ್ಟಿನ ಮ್ಯಾಲ ನಿಂತು ಕಿವಿ ನಿಗರಿಸಿ ಬಾಲ ಎತ್ತಿ ನೋಡ್ಬೇಕು. ಚಿನ್ನಿ ಎದುರಿನ ನಾಯಿನ ನೋಡಿದ್ದು ನೋಡಿದ್ರ ಇನ್ನೊಂದು ಹೆಗ್ಗಣ ಸಿಕ್ಕಂಗಿತ್ತು. ಜಡ್ಜ್ ಮೂಗಿನ ಕಲಿ ಮ್ಯಾಲ ಬಟ್ಟಾಡಿಸಿ ಏನು ಹಿಡದಿತ್ತು ಅಂತ ಕೇಳಿದ್ರು. ಹೇಳಿದೆ. ಚಾಂಪಿಯನ್ ಆಗ್ಲಿಕ್ಕೆ ಬೇಕಾದ ಚಾಲೆಂಜ್ ಸರ್ಟಿಫಿಕೇಟ್ ನಮಗೇ ಕೊಟ್ರು. ಗುಣ ಸಾಲ್ಲಂದ್ರ ಸರ್ಟಿಫಿಕೇಟ್ ಯಾರಿಗೂ ಕೊಡದೇ ಹೋಗೋ ಹಕ್ಕು ಜಡ್ಜಿಗೆ ಇರ್ತದ, ಅದಕ್ಕ ಆ ಕಾಗದಕ್ಕ ಕಿಮ್ಮತ್ತು. ಆಮ್ಯಾಲ ಇನ್ನೊಂದು ಬಂತು, 2020ರ ಫೆಬ್ರವರಿಯಾಗ, ಬ್ಯಾರೆ ಊರು ಬ್ಯಾರೆ ಜಡ್ಜ್. ಚಾಂಪಿಯನ್ ಅನಿಸ್ಕೊಳ್ಳಿಕ್ಕೆ ಇನ್ನೂ ಬೇಕಿತ್ತು. ಮಾರ್ಚಿನಾಗ ಲಾಕ್‌ಡೌನ್ ಬಂತು.

ಮುಂದಿನದು ಬರೀಲಿಕ್ಕೆ ಬಾಳ ಇಲ್ಲ. ಶೋ ನಿಂತವು. ಚಿನ್ನಿ ಮೈ ಅರಳಿ ನಿಂತ ಎರಡು ವರ್ಷ ಮನ್ಯಾಗ ಫರಸಿ ಮ್ಯಾಲ ಹೋದವು. ನನಗ ಇವತ್ತಿಗೂ ಅದರ ಸಂಕಟ ಅದ. ಅಷ್ಟು ದಿನನೂ ಅವ್ವ ಮಾತ್ರ ಕೂದಲು ತಗಿಯೋದು ಬಿಡ್ಲಿಲ್ಲ, ಯಾರು ನೋಡ್ಲಿ ಬಿಡ್ಲಿ.

ಮತ್ತ ಎಲ್ಲಾ ತೆರದಾಗ ಇಕಿಗೆ ಮೂರು ದಾಟಿತ್ತು, ಮರಿ ಮಾಡಿಸೋದು ಇದ್ರ ಈಗ ಅಂತ ಚಾಚಾ ಅಂದ್ರು. ಅದಕ್ಕೂ ಮೊದಲು ಒಂದು ಟೆಸ್ಟ್ ಮಾಡಿಸಿದೆ. ಟೆರಿಯರ್‌ಗಳ ಕಣ್ಣಿನ ಒಂದು ಬ್ಯಾನಿ ಅದ, ಕಣ್ಣಿನೊಳಗಿನ ಲೆನ್ಸ್ ಹಿಡದಿಟ್ಟ ಎಳಿ ಹರದು ಲೆನ್ಸ್ ಜಾಗಾ ಬಿಟ್ಟು ಸರೀತದ, ಕಣ್ಣಾಗ ಒತ್ತಡ ಏರ್ತದ, ಬಾಳ ನೋವು, ಕಡೀಕ ಕುರುಡು. ನಡುವಯಸ್ಸಿನಾಗ ಬರ್ತದ, ಅಷ್ಟರಾಗ ಆ ನಾಯಿ ಮರಿ ಹಾಕಿ ಮುಗದಿರ್ತದ, ಅದೇ ಇದರ ದೊಡ್ಡ ಪೀಡಾ. ಇದಕ್ಕ ಕಾರಣ ಆದ ಜೀನ್ 2010ರಾಗ ಸಿಕ್ಕದ, ಕೆನ್ನಿಯೊಳಗಿಂದ ಹತ್ತಿ ಆಡಿಸಿ ಕಳಿಸಿದ್ರ ಸಾಕು. ಚಿನ್ನಿ ರಿಪೋರ್ಟ್ ಕ್ಯಾರಿಯರ್ ಅಂತ ಬಂತು. ಕೆಟ್ಟ ಪ್ರತಿ ಒಂದೇ ಅದ, ಬ್ಯಾನಿ ಬರೋದು ಹೆಚ್ಚಾಗಿ ಎರಡು ಇದ್ದಾಗ. ಕ್ಲಿಯರ್ ಇದ್ದ, ಅಂದ್ರ ಕೆಟ್ಟ ಪ್ರತಿ ಒಂದೂ ಇಲ್ಲದ, ಗಂಡು ಕೂಡಿಸಿದ್ರ ಮರಿಗಳಾಗ ಅರ್ಧ ಕ್ಯಾರಿಯರ್ ಆಗಬಹುದು, ಎರಡು ಕೆಟ್ಟ ಪ್ರತಿ ಒಂದಕ್ಕೂ ಬರಂಗಿಲ್ಲ. ಕ್ಯಾರಿಯರ್‌ಗೆ ಕ್ಯಾರಿಯರ್ ಕೂಡಿಸಿದ್ರ ಹುಟ್ಟೋ ಒಂದೊಂದು ಮರಿಗೂ ಕುರುಡಾಗೋ ಪಾಳಿ ನಾಲ್ಕರಾಗ ಒಂದು.

ಒಬ್ಬರ ಹತ್ತಿರ ಹೆಸರಾಂತ ಚಾಂಪಿಯನ್ ಗಂಡಿತ್ತು, ಪೇಪರ್ ತುಂಬ ಕೆಂಪು ಮಸಿ. ಕಣ್ಣಿನ ಟೆಸ್ಟ್ ರಿಪೋರ್ಟ್ ತೋರಿಸ್ರಿ ಅಂದೆ. ನಮ್ಮ ನಾಯಿಗೆ ಅದರ ಜರೂರತ್ ಇಲ್ಲ ಅಂದ್ರು, ಟೆಸ್ಟ್ ಮಾಡ್ಸಿ ಅಂದ್ರ ಸಿಟ್ಟಾದ್ರು. ನನಗ ಅವತ್ತ ರಾತ್ರಿ ನಿದ್ದಿ ಬರ್ಲಿಲ್ಲ, ಆ ನಾಯಿ ಅಷ್ಟು ಛಂದ ಇತ್ತು, ಅದರ ಹೆಗಲು ಕುತ್ತಿಗಿ ಕಣ್ಣ ಮುಂದಿಂದ ಹೋಗ್ಲಿಲ್ಲ. ಆದ್ರ ಕಿರ್ದಿಯಾಗ ಜಮಾ ಬರದು ಖರ್ಚು ಬರೀದೆ ಬಿಟ್ಟಂಗ ಆಗ್ತದಲ್ಲ. ಹೆಳವನ ವಹಿಯಾಗೂ ಕೆನೆಲ್ ಕ್ಲಬ್ ಪೇಪರಿನಾಗೂ ಯಾರಿಗೆ ಕಣ್ಣು ಹೋಗಿತ್ತು ಅಂತ ಬರದಿರಂಗಿಲ್ಲ, ಅದನ್ನ ನಾವೇ ಕೇಳಿ ತಿಳ್ಕೋಬೇಕು. ಕಡೀಕ ಕೂಡಿಸಿದ್ದು ಪುಣೆದಾಗಿನ ಒಂದು ಗಂಡು, ಟೈಟಲ್ ಇಲ್ಲ, ಕ್ಲಿಯರ್ ರಿಪೋರ್ಟ್ ಇತ್ತು, ಚಿನ್ನಿ ಪೇಪರಿನಾಗಿನ ಒಂದು ಹೆಸರೂ ಅದರದರಾಗ ಇದ್ದಿಲ್ಲ.

ನಾಲ್ಕು ಮರಿ ಆದವು, ಎರಡು ಗಂಡು ಎರಡು ಹೆಣ್ಣು. ಅರ್ಧ ಅಂತ ಲೆಕ್ಕಾ ಇದ್ರೂ ನಾಲ್ಕರಾಗ ಮೂರು ಕ್ಯಾರಿಯರ್ ಬಂದವು. ಒಯ್ದವರಿಗೆಲ್ಲ ರಿಪೋರ್ಟ್ ಕೈಯಾಗ ಕೊಟ್ಟೇ ಕಳಿಸೀನಿ. ಕ್ಲಿಯರ್ ಬಂದ ಒಂದು ಹೆಣ್ಣು ಮರಿ ನಾವೇ ಇಟ್ಕೊಂಡೀವಿ, ಮಗಳು ಹೆಸರಿಟ್ಟಾಳ, ಜೀರ್ಗಿ ಅಂತ.

ಹೋದ ವಾರ ಜೀರ್ಗಿ ಪೇಪರ್ ಬಂತು. ಚಾಚಾ ಕೂಡ ಕೈಲೇ ಚಾರ್ಟ್ ಬರದು ಕಳಿಸ್ಯಾರ, ಈ ಸಲ ಕೆಂಪು ಬಾಳ ಕಡಿಮಿ. ಖಾನೆ 14, ನಾಯಿನೂ 14. ಅವ್ವ ಚಸ್ಮಾ ಹಾಕ್ಕೊಂಡು ಕೂತ್ಳು, ನಮ್ಮ ಚಿನ್ನಿ ಎಲ್ಲಿ ಅಂದ್ಳು. ಕೆಳಗಿನ ಅರ್ಧದ ಮೊದಲನೇ ಖಾನೆ ತೋರಿಸಿದೆ, ಕರಿ ಮಸಿಯಾಗ ಬರದಿತ್ತು. ಅವ್ವ ಅದರ ಮ್ಯಾಲ ಬಟ್ಟು ಇಟ್ಟು ಬಾಳ ಹೊತ್ತು ತಗೀಲಿಲ್ಲ. ಆಮ್ಯಾಲ ಮೊಮ್ಮಗಳಿಗೆ ಕರದು ಅದನ್ನೇ ತೋರಿಸಿದ್ಳು.

ಸುಗ್ಗಿ ಆದ ಮ್ಯಾಲ ಹೆಳವ ಬರ್ತಾನಲ್ಲ, ಈ ಸಲ ಅವ್ವ ತನ್ನ ಹೆಸರು, ತಮ್ಮವ್ವನ ಹೆಸರು, ಮೊಮ್ಮಗಳ ಹೆಸರು ಮೂರೂ ಬರಸ್ತೀನಿ ಅಂದಾಳ. ಬರ್ಕೊಳ್ಳಿಕ್ಕೆ ಜ್ವಾಳ ಹೆಚ್ಚಿಗಿ ಕೇಳಿದ್ರೂ ಕೊಡ್ತಾಳಂತ, ಅದಕ್ಕ ಒಂದು ಚೀಲ ಈಗೇ ಬ್ಯಾರೆ ತಗದಿಟ್ಟಾಳ.